ಮಾಹಿತಿಪಟ ಮತ್ತು ಸಾಕ್ಷ್ಯಚಿತ್ರ: ಪರಿಸರ ಮಾಲಿನ್ಯದ ಚಿತ್ರಣವನ್ನು ಕುರಿತ ಒಂದು ಚಾರಿತ್ರಿಕ ಅವಲೋಕನ

1

ಇಂಗ್ಲಿಷಿನ 'ಡಾಕ್ಯುಮೆಂಟರಿ' ಎಂಬ ಮಾತಿಗೆ ಭಾರತೀಯ ಭಾಷೆಗಳು ಒಂದೇ ಬಗೆಯ ಸಮಾನಪದವನ್ನು ರೂಢಿಸಿಕೊಂಡಿಲ್ಲ. ಹಿಂದಿಯಲ್ಲಿ ಅದು 'ವೃತ್ತಚಿತ್ರ', ಬಂಗಾಳಿಯಲ್ಲಿ 'ತಥ್ಯಚಿತ್ರ', ಮರಾಠಿಯಲ್ಲಿ 'ಮಾಹಿತಿಪಟ'. ತಮಿಳಿನಲ್ಲಿ 'ಆವಣಪ್ಪಡಂ', ಅಂದರೆ ದಾಖಲೆಯ ಚಿತ್ರ. ಕನ್ನಡದಲ್ಲಿ ಅದು 'ಸಾಕ್ಷ್ಯಚಿತ್ರ'. ಈ ಪದಗಳನ್ನು ಟಂಕಿಸಿದವರ ಉದ್ದೇಶವೇನೇ ಇರಲಿ, ಬಳಕೆಗೆ ಬಂದ ಬಳಿಕ ಅವು ತಮ್ಮದೇ ಆದ ಅರ್ಥಛಾಯೆಗಳನ್ನು ಹೊತ್ತುಕೊಂಡಿವೆ. ಮಾಹಿತಿಯೆಂದಾಗ ಕೊಡುವವನು ಬಲ್ಲವನು, ಪಡೆಯುವವನು ಅರಿಯದವನು ಎಂಬ ಸಂಬಂಧ ಸೂಚಿತವಾಗುತ್ತದೆ. ಸಾಕ್ಷ್ಯವೆಂದಾಗ ಚಿತ್ರವೇ ಬೇರೆ. ಅಲ್ಲಿ ಒಂದು ವ್ಯಾಜ್ಯವಿರಬೇಕು, ವಾದಿ ಪ್ರತಿವಾದಿಗಳಿರಬೇಕು, ಕಣ್ಣಾರೆ ಕಂಡವರಿರಬೇಕು, ಅವರ ಮಾತನ್ನು ಕೇಳಿ ನಿರ್ಣಯಿಸುವ ಒಂದು ಸಭೆಯಿರಬೇಕು.

ಪರಿಸರ ಮಾಲಿನ್ಯವನ್ನು ಕುರಿತ ಚಿತ್ರಗಳ ಚರಿತ್ರೆಯನ್ನು ಅವಲೋಕಿಸಿದಾಗ ಈ ಎರಡು ಅರ್ಥಗಳೂ ಎರಡು ಪರಂಪರೆಗಳಾಗಿ ಬೆಳೆದಿರುವುದು ಕಂಡುಬರುತ್ತದೆ. ಹೊಗೆ, ಕೊಳಕು ನೀರು, ಕಸ ಇವುಗಳನ್ನು ತೋರಿಸಿ ಜನರಲ್ಲಿ ಅರಿವು ಮೂಡಿಸಲು ಹೊರಟ ಚಿತ್ರಗಳು ಒಂದು ಕಡೆ. ಯಾರಿಂದ ಯಾರಿಗೆ ಯಾವ ಹಾನಿ ಸಂಭವಿಸಿತು ಎಂಬುದನ್ನು ಹೆಸರಿಟ್ಟು ಹೇಳಿದ ಚಿತ್ರಗಳು ಇನ್ನೊಂದು ಕಡೆ. ಮೊದಲನೆಯದನ್ನು ಪ್ರಭುತ್ವಗಳೂ ಉದ್ಯಮಗಳೂ ಸಂತೋಷದಿಂದಲೇ ಪೋಷಿಸಿವೆ. ಎರಡನೆಯದು ಬಹುತೇಕ ಎಲ್ಲ ಕಡೆಯೂ ಅಡೆತಡೆಗಳನ್ನು ಎದುರಿಸಿದೆ. ಬ್ರಿಟನ್, ಅಮೆರಿಕ, ಜಪಾನ್ ಮತ್ತು ಭಾರತದ ಕೆಲವು ನಿದರ್ಶನಗಳ ಮೂಲಕ ಈ ಭೇದವನ್ನು ಗುರುತಿಸುವುದು, ಅದರಲ್ಲಿಯೂ ಭೋಪಾಲ ದುರಂತವನ್ನು ಕುರಿತ ಚಿತ್ರವೊಂದರ ಪ್ರಸಾರದ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮಾಲಿನ್ಯವನ್ನೇ ವಸ್ತುವಾಗಿ ಉಳ್ಳ ಆರಂಭಕಾಲದ ಚಿತ್ರಗಳಲ್ಲಿ ಬ್ರಿಟನ್ನಿನ 'ದಿ ಸ್ಮೋಕ್ ಮೆನೇಸ್' (1937) ಉಲ್ಲೇಖಾರ್ಹವಾದುದು. ಜಾನ್ ಗ್ರಿಯರ್ಸನ್ ಅವರ ಪ್ರೇರಣೆಯಿಂದ ರೂಪುಗೊಂಡ ಚಿತ್ರಪಂಥಕ್ಕೆ ಸೇರಿದ ಜಾನ್ ಟೇಲರ್ ಇದರ ನಿರ್ದೇಶಕರು. ಕಲ್ಲಿದ್ದಲಿನ ಹೊಗೆಯಿಂದ ನಗರಗಳ ಗಾಳಿ, ಕಟ್ಟಡ ಹಾಗೂ ಜನರ ಆರೋಗ್ಯ ಕೆಡುತ್ತಿರುವುದನ್ನು ಈ ಕಿರುಚಿತ್ರ ನಿರೂಪಿಸುತ್ತದೆ. ಇದಕ್ಕೆ ಹಣ ಒದಗಿಸಿದುದು ಬ್ರಿಟಿಷ್ ಕಮರ್ಷಿಯಲ್ ಗ್ಯಾಸ್ ಅಸೋಸಿಯೇಷನ್ ಎಂಬ ಅನಿಲ ಉದ್ಯಮದ ಸಂಘವೆಂಬುದು ಗಮನಾರ್ಹ. ಮನೆಯ ಒಲೆಯ ಕಲ್ಲಿದ್ದಲು ದೋಷಿ, ಅನಿಲವೇ ಪರಿಹಾರ ಎಂಬುದು ಚಿತ್ರದ ತಾತ್ಪರ್ಯ. ಅಂದಿನ ದಿನಗಳಲ್ಲಿ ನಗರಗಳಿಗೆ ಪೂರೈಕೆಯಾಗುತ್ತಿದ್ದ ಅನಿಲವೂ ಕಲ್ಲಿದ್ದಲಿನಿಂದಲೇ ತಯಾರಾಗುತ್ತಿತ್ತು. ಚಿತ್ರದಲ್ಲಿ ಹೇಳಿದುದು ಸುಳ್ಳಲ್ಲ. ಹೇಳದೆ ಬಿಟ್ಟುದು ಮಾತ್ರ ಪ್ರಾಯೋಜಕರ ಹಿತಕ್ಕೆ ಅನುಗುಣವಾಗಿತ್ತು. ಹೊಗೆಯ ಹಾನಿ ಚಿತ್ರದ ಮೂಲಕ ಜನರಿಗೆ ತಿಳಿದಿದ್ದರೂ ಶಾಸನ ಬರಲು ಇನ್ನೂ ಹತ್ತೊಂಬತ್ತು ವರ್ಷ ಕಾಯಬೇಕಾಯಿತು. 1952ರ ಡಿಸೆಂಬರ್ ತಿಂಗಳಿನಲ್ಲಿ ಲಂಡನ್ ನಗರವನ್ನು ಕವಿದ ದಟ್ಟ ಹೊಗೆಮಂಜಿನಿಂದ ಸುಮಾರು 4,000 ಮಂದಿ ಸತ್ತರೆಂದು ಆಗ ಅಂದಾಜಿಸಲಾಯಿತು. 1956ರಲ್ಲಿ ಶುದ್ಧಗಾಳಿ ಶಾಸನ ಜಾರಿಗೆ ಬಂದಿತು.

ಇದಕ್ಕೆ ವ್ಯತಿರಿಕ್ತವಾದ ಅನುಭವ ಅಮೆರಿಕದ್ದು. ಕೀಟನಾಶಕಗಳ ಅಪಾಯವನ್ನು ಕುರಿತು ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ಗ್ರಂಥವನ್ನು ಆಧರಿಸಿ ಸಿಬಿಎಸ್ ದೂರದರ್ಶನ ಜಾಲವು 1963ರ ಏಪ್ರಿಲ್ 3ರಂದು ಒಂದು ಗಂಟೆಯ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಅದರ ಐವರು ಪ್ರಾಯೋಜಕರಲ್ಲಿ ಮೂವರು ಪ್ರಸಾರಕ್ಕೆ ಮುನ್ನವೇ ಹಿಂದೆ ಸರಿದರು. ಶ್ವೇತಾಂಗಿ ತೊಟ್ಟ ಉದ್ಯಮದ ವಿಜ್ಞಾನಿ ಪ್ರಗತಿಯ ಹೆಸರಿನಲ್ಲಿ ವಾದಿಸುವುದನ್ನೂ, ಕಾರ್ಸನ್ ಶಾಂತವಾಗಿ ಉತ್ತರಿಸುವುದನ್ನೂ ಪ್ರೇಕ್ಷಕರು ಒಂದೇ ಪರದೆಯ ಮೇಲೆ ನೋಡಿದರು. ಉಭಯಪಕ್ಷಗಳ ವಾದಪ್ರತಿವಾದಗಳನ್ನು ಎದುರುಬದುರಾಗಿ ನಿಲ್ಲಿಸಿದ ಈ ಕಾರ್ಯಕ್ರಮದಲ್ಲಿ ಮಾಹಿತಿಪಟವು ಸಾಕ್ಷ್ಯಚಿತ್ರವಾಗಿ ಮಾರ್ಪಡುತ್ತಿರುವುದನ್ನು ಕಾಣಬಹುದು. ಹಾಗೆ ಮಾರ್ಪಟ್ಟ ಕ್ಷಣದಲ್ಲಿಯೇ ಪ್ರಾಯೋಜಕರು ದೂರವಾದರು.

3

ಮಾಲಿನ್ಯದ ಸಾಕ್ಷಿಯಾಗಿ ಚಲನಚಿತ್ರವು ತನ್ನ ಪೂರ್ಣಶಕ್ತಿಯನ್ನು ಪ್ರಕಟಿಸಿದುದು ಜಪಾನಿನಲ್ಲಿ. ಕ್ಯೂಷು ದ್ವೀಪದ ಮಿನಮಾಟಾ ಊರಿನ ಚಿಸ್ಸೋ ಕಂಪನಿಯ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಅದರ ತ್ಯಾಜ್ಯನೀರಿನಲ್ಲಿದ್ದ ಮೀಥೈಲ್ ಪಾದರಸ ಕೊಲ್ಲಿಯ ಮೀನು ಚಿಪ್ಪುಗಳನ್ನು ಸೇರಿ, ಅವುಗಳನ್ನು ತಿಂದವರ ನರಮಂಡಲವನ್ನು ಹಾಳುಗೆಡವಿತು. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರ ಮೇ 1ರಂದು ರೋಗ ಅಧಿಕೃತವಾಗಿ ವರದಿಯಾಯಿತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸವೇ ಕಾರಣವೆಂದು ಸೂಚಿಸಿದರು. ಅದೇ ವರ್ಷ ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಜಿಮೆ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ಉಣಿಸಿ ಅದೇ ರೋಗ ತಲೆದೋರುವುದನ್ನು ಕಂಡರು. ಕಂಪನಿ ಆ ಫಲಿತಾಂಶವನ್ನು ಬಚ್ಚಿಟ್ಟಿತು. ವರ್ಷದ ಕೊನೆಯಲ್ಲಿ ರೋಗಿಗಳೊಡನೆ ಮಾಡಿಕೊಂಡ 'ಸಹಾನುಭೂತಿ ಹಣ'ದ ಒಪ್ಪಂದದಲ್ಲಿ, ಮುಂದೆ ಕಾರ್ಖಾನೆಯೇ ಕಾರಣವೆಂದು ಸಾಬೀತಾದರೂ ಹೆಚ್ಚಿನ ಪರಿಹಾರ ಕೇಳತಕ್ಕದ್ದಲ್ಲ ಎಂಬ ಷರತ್ತನ್ನು ಬರೆಸಿಕೊಂಡಿತು. ಸರ್ಕಾರ ಕಾರಣವನ್ನು ಒಪ್ಪಿಕೊಂಡುದು 1968ರ ಸೆಪ್ಟೆಂಬರಿನಲ್ಲಿ.

ನಿರ್ದೇಶಕ ತ್ಸುಚಿಮೊಟೊ ನೊರಿಯಾಕಿ (1928-2008) ಮೊದಲ ಸಲ ಮಿನಮಾಟಾಗೆ ಹೋದುದು 1965ರಲ್ಲಿ, ಒಂದು ದೂರದರ್ಶನ ಕಾರ್ಯಕ್ರಮಕ್ಕಾಗಿ. ಅಲ್ಲಿ ಅನುಮತಿಯಿಲ್ಲದೆ ತನ್ನ ಮಗುವನ್ನು ಚಿತ್ರೀಕರಿಸಿದರೆಂದು ತಾಯಿಯೊಬ್ಬಳು ಅವರನ್ನು ತೀವ್ರವಾಗಿ ಖಂಡಿಸಿದಳು. ಆ ಮಾತಿನಿಂದ ತಾವು ತತ್ತರಿಸಿದುದನ್ನು ತ್ಸುಚಿಮೊಟೊ ಮುಂದೆ ಅನೇಕ ಸಲ ಸ್ಮರಿಸಿದ್ದಾರೆ. ಅವರ ಮುಂದಿನ ಕೃತಿಗಳ ಸ್ವರೂಪವನ್ನು ನಿರ್ಣಯಿಸಿದುದು ಈ ಘಟನೆಯೆಂದರೆ ತಪ್ಪಾಗಲಾರದು. 1970ರಲ್ಲಿ ಅವರು ಮತ್ತೆ ಬಂದಾಗ ತಂಡದೊಡನೆ ತಿಂಗಳುಗಟ್ಟಲೆ ಆ ಊರಿನಲ್ಲಿಯೇ ನೆಲೆಸಿದರು. ಕಂಪನಿಯ ವಿರುದ್ಧ 1969ರಲ್ಲಿ ದಾವೆ ಹೂಡಿದ್ದ 29 ಕುಟುಂಬಗಳು 'ಮಿನಮಾಟಾ: ರೋಗಿಗಳು ಮತ್ತು ಅವರ ಲೋಕ' (1971) ಎಂಬ ಚಿತ್ರದ ಕೇಂದ್ರವಾದವು.

ಮಾಲಿನ್ಯವನ್ನು ಚಿತ್ರಿಸಹೊರಟವರಿಗೆ ಎದುರಾಗುವ ಮೂಲಭೂತ ತೊಡಕೊಂದಿದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಪಾದರಸ ಕಾಣುವುದಿಲ್ಲ. ಮಿನಮಾಟಾದ ಕೊಲ್ಲಿ ನೋಡುವುದಕ್ಕೆ ಸುಂದರವಾದುದು, ನೀರು ತಿಳಿಯಾದುದು. ಕಾಣದ ವಿಷವನ್ನು ಕ್ಯಾಮರಾ ತೋರಿಸುವ ಬಗೆ ಹೇಗೆ? ರೋಗಿಯ ನಡುಗುವ ಕೈಯನ್ನು ಹತ್ತಿರದಿಂದ ತೋರಿಸುವುದು ಸುಲಭದ ದಾರಿ. ಆದರೆ ಆ ದಾರಿಯಲ್ಲಿ ರೋಗಿಯು ಪ್ರದರ್ಶನದ ವಸ್ತುವಾಗುತ್ತಾನೆ. ತ್ಸುಚಿಮೊಟೊ ಹಿಡಿದುದು ಬೇರೆ ದಾರಿ. ಮುದುಕನೊಬ್ಬ ಸಮುದ್ರದಲ್ಲಿ ನಡೆಯುತ್ತ ಅಷ್ಟಪದಿಗಳನ್ನು ಹಿಡಿಯುವ ದೀರ್ಘ ದೃಶ್ಯ ಚಿತ್ರದಲ್ಲಿದೆ. ಅಲ್ಲಿ ರೋಗದ ಪ್ರಸ್ತಾಪವಿಲ್ಲ. ಕಸುಬಿನ ಕುಶಲತೆ ಮತ್ತು ಕಡಲಿನೊಡನೆ ಒಬ್ಬ ಮನುಷ್ಯನಿಗಿರುವ ಒಡನಾಟ ಇವೆ. ಅದನ್ನು ಕಂಡ ಬಳಿಕವೇ ಕಾರ್ಖಾನೆ ಕೆಡಿಸಿದುದು ಏನನ್ನು ಎಂಬುದು ಪ್ರೇಕ್ಷಕನಿಗೆ ಮನವರಿಕೆಯಾಗುತ್ತದೆ. ಹಾನಿಯ ಪ್ರಮಾಣವನ್ನು ಅರಿಯಲು ಹಾನಿಗೆ ಮುಂಚಿನ ಬದುಕಿನ ಅರಿವು ಬೇಕು ಎಂಬುದೇ ಈ ಕ್ರಮದ ಹಿಂದಿರುವ ತತ್ತ್ವ.

ಚಿತ್ರದ ಕೊನೆಯ ಭಾಗ ಇನ್ನೊಂದು ರೀತಿಯದು. ಕಂಪನಿಯ ಮುಖ್ಯಸ್ಥರನ್ನು ಮುಖಾಮುಖಿ ಕಾಣುವ ಸಲುವಾಗಿ ರೋಗಿಗಳೂ ಅವರ ಬೆಂಬಲಿಗರೂ ಒಂದೊಂದು ಷೇರನ್ನು ಕೊಂಡು, 1970ರ ನವೆಂಬರ್ 28ರಂದು ಒಸಾಕಾದಲ್ಲಿ ನಡೆದ ಷೇರುದಾರರ ಸಭೆಗೆ ಯಾತ್ರಿಕರ ಬಿಳಿಯ ಉಡುಪು ತೊಟ್ಟು ಹೋದರು. ಅಲ್ಲಿ ಅವರು ಸತ್ತವರಿಗಾಗಿ ಹಾಡುವ ಧಾರ್ಮಿಕ ಗೀತೆಗಳನ್ನು ಹಾಡಿದರು, ವೇದಿಕೆಯನ್ನೇರಿ ಅಧ್ಯಕ್ಷರನ್ನು ಪ್ರಶ್ನಿಸಿದರು. ನ್ಯಾಯಾಲಯ ಇನ್ನೂ ತೀರ್ಪು ನೀಡದಿದ್ದ ಕಾಲದಲ್ಲಿ ಈ ದೃಶ್ಯಗಳು ಜನತೆಯ ಮುಂದೆ ನುಡಿದ ಸಾಕ್ಷ್ಯವಾದವು. 1973ರ ಮಾರ್ಚ್ 20ರಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಕಂಪನಿಯನ್ನು ಹೊಣೆಗಾರನನ್ನಾಗಿಸಿ, 1959ರ ಒಪ್ಪಂದವನ್ನು ಅಸಿಂಧುವೆಂದು ಘೋಷಿಸಿತು. ಈ ತೀರ್ಪು ಚಿತ್ರದಿಂದಲೇ ಬಂದಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಹೊಸೊಕಾವಾ 1970ರಲ್ಲಿ ರೋಗಶಯ್ಯೆಯಿಂದ ನೀಡಿದ ಹೇಳಿಕೆ, ವಕೀಲರ ಶ್ರಮ, ಇಶಿಮುರೆ ಮಿಚಿಕೊ ಅವರ ಬರಹ, ಯೂಜಿನ್ ಸ್ಮಿತ್ ಅವರ ಛಾಯಾಚಿತ್ರಗಳು ಮೊದಲಾದ ಅನೇಕ ಸಾಕ್ಷ್ಯಗಳ ಸಾಲಿನಲ್ಲಿ ಚಿತ್ರವೂ ಒಂದು.

ತ್ಸುಚಿಮೊಟೊ ಅಲ್ಲಿಗೇ ನಿಲ್ಲಲಿಲ್ಲ. ರೋಗದ ವೈದ್ಯಕೀಯ ಪಕ್ಷವನ್ನು ಕುರಿತು ಮೂರು ಭಾಗಗಳ ಚಿತ್ರವನ್ನೂ, 'ಶಿರಾನುಯಿ ಸಮುದ್ರ' (1975) ಎಂಬ ಚಿತ್ರವನ್ನೂ ನಿರ್ಮಿಸಿದರು. 1977ರಲ್ಲಿ ಈ ಚಿತ್ರಗಳನ್ನು ಹೊತ್ತು ಆ ಸಮುದ್ರದ ದಂಡೆಯ ಹಾಗೂ ದ್ವೀಪಗಳ ಬೆಸ್ತರ ಹಳ್ಳಿಗಳಲ್ಲಿ ಸಂಚರಿಸಿ ಪ್ರದರ್ಶಿಸಿದರು. ತಮಗಿರುವುದು ಅದೇ ರೋಗವೆಂದು ತಿಳಿಯದೆ, ಅಥವಾ ತಿಳಿದೂ ಲೋಕಾಪವಾದಕ್ಕೆ ಅಂಜಿ ಬಾಯಿಬಿಡದೆ ಇದ್ದ ಜನ ಅಲ್ಲಿದ್ದರು. 'ಅರಿವು ಮೂಡಿಸುವುದು' ಎಂಬ ಸವಕಲು ಮಾತಿಗೆ ಇಲ್ಲಿ ನಿಜವಾದ ಅರ್ಥ ಬಂದಿತೆನ್ನಬೇಕು. ದೂರದ ನಗರವಾಸಿಗೆ ತಿಳಿವಳಿಕೆ ನೀಡುವುದಷ್ಟೇ ಅಲ್ಲದೆ, ಹಾನಿಗೊಳಗಾದವನಿಗೆ ತನ್ನ ಹಾನಿಯ ಹೆಸರನ್ನು ತಿಳಿಸುವುದೂ ಅರಿವಿನ ಕಾರ್ಯವೇ.

4

ಭಾರತದಲ್ಲಿ ಸಾಕ್ಷ್ಯಚಿತ್ರದ ಬೆಳವಣಿಗೆ ಬಹುಕಾಲ ಸರ್ಕಾರದ ಆಶ್ರಯದಲ್ಲಿಯೇ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರಿ ಚಿತ್ರಗಳ ಪ್ರದರ್ಶನವನ್ನು ಚಿತ್ರಮಂದಿರಗಳಿಗೆ ಕಡ್ಡಾಯ ಮಾಡಲಾಗಿತ್ತು. 1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ ಆ ಪದ್ಧತಿಯನ್ನೇ ಮುಂದುವರಿಸಿತು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ರಸಗೊಬ್ಬರ ಇವುಗಳ ಯಶೋಗಾಥೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಿರೂಪಣೆಯೊಡನೆ ಕಥಾಚಿತ್ರಕ್ಕೆ ಮುನ್ನ ಊರೂರುಗಳಲ್ಲಿ ಪ್ರದರ್ಶಿತವಾಯಿತು. ಕಾರ್ಖಾನೆಯ ಚಿಮಣಿಯಿಂದೇಳುವ ಹೊಗೆ ಆ ಚಿತ್ರಗಳಲ್ಲಿ ಬಹುಕಾಲ ಅಭ್ಯುದಯದ ಲಾಂಛನವಾಗಿತ್ತು. 1972ರ ಸ್ಟಾಕ್‌ಹೋಂ ಸಮ್ಮೇಳನ, 1974ರ ಜಲಮಾಲಿನ್ಯ ಶಾಸನ ಮತ್ತು 1981ರ ವಾಯುಮಾಲಿನ್ಯ ಶಾಸನಗಳ ತರುವಾಯವಷ್ಟೇ ಆ ಹೊಗೆಯನ್ನು ಬೇರೆ ಕಣ್ಣಿನಿಂದ ನೋಡುವ ಅಗತ್ಯವುಂಟಾಯಿತು. ಇದೇ ಕಾಲದಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ಭಾರತದ ಪರಿಸರವನ್ನು ಕುರಿತ ನಾಗರಿಕ ವರದಿಯನ್ನು ಪ್ರಕಟಿಸಿತು. ಅದನ್ನು ಶಿವರಾಮ ಕಾರಂತರು ಕನ್ನಡಕ್ಕೆ ತಂದುದು ಕನ್ನಡದ ಪರಿಸರ ಚಿಂತನೆಯ ಇತಿಹಾಸದಲ್ಲಿ ಮಹತ್ತ್ವದ ಘಟನೆ.

ಪರಿಸರ ಜಾಗೃತಿಗಾಗಿ ಚಲನಚಿತ್ರವನ್ನು ಬಳಸುವ ವಿಚಾರ ನ್ಯಾಯಾಲಯದ ಆದೇಶವಾಗಿ ರೂಪುಗೊಂಡುದು 1991ರ ನವೆಂಬರಿನಲ್ಲಿ. ವಕೀಲ ಎಂ. ಸಿ. ಮೆಹ್ತಾ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲಿ ಪರಿಸರ ಕುರಿತ ಸ್ಲೈಡುಗಳನ್ನು ಉಚಿತವಾಗಿ ತೋರಿಸಬೇಕೆಂದೂ, ಪರಿಸರ ಹಾಗೂ ಮಾಲಿನ್ಯ ಕುರಿತ ಕಿರುಚಿತ್ರಗಳನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯ ತಯಾರಿಸಬೇಕೆಂದೂ, ಆಕಾಶವಾಣಿ ಮತ್ತು ದೂರದರ್ಶನಗಳು ಈ ವಿಷಯಕ್ಕೆ ಸಮಯ ಮೀಸಲಿಡಬೇಕೆಂದೂ ನಿರ್ದೇಶಿಸಿತು. ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಪಾಠವಿಷಯವಾಗಿಸುವ ನಿರ್ದೇಶನವೂ ಅದೇ ಆದೇಶದಲ್ಲಿದೆ. ಜನರಿಗೆ ತಿಳಿಯದೆ ಶಾಸನ ಫಲಿಸದು ಎಂಬ ನಂಬಿಕೆ ಇದರ ಹಿಂದಿತ್ತು. ಆ ನಂಬಿಕೆ ಸಾಧುವಾದುದೇ. ಆದರೆ ಆಗ ಅದೇ ನ್ಯಾಯಾಲಯದ ಮುಂದೆ ಇನ್ನೊಂದು ಪ್ರಕರಣವೂ ಬಾಕಿಯಿತ್ತು. ಮಾಲಿನ್ಯವನ್ನು ಕುರಿತ, ಆಗಲೇ ಸಿದ್ಧವಾಗಿದ್ದ, ರಾಷ್ಟ್ರಪ್ರಶಸ್ತಿ ಪಡೆದಿದ್ದ ಚಿತ್ರವೊಂದನ್ನು ದೂರದರ್ಶನ ತೋರಿಸಲೊಲ್ಲದೆ ಕುಳಿತಿತ್ತು.

5

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯೊಂದರಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಚೆಲ್ಲಿತು. ತಕ್ಷಣದ ಸಾವುಗಳ ಸಂಖ್ಯೆ 2,259 ಎಂಬುದು ಮೊದಲ ಸರ್ಕಾರಿ ಲೆಕ್ಕ; ಮುಂದೆ ಆ ಲೆಕ್ಕ ಮತ್ತೆ ಮತ್ತೆ ಏರುತ್ತ ಹೋಯಿತು. ಅಪಾಯದ ಮುನ್ಸೂಚನೆ ಇರಲಿಲ್ಲವೆನ್ನುವಂತಿಲ್ಲ. ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ 1982ರಿಂದಲೇ ಎಚ್ಚರಿಕೆಯ ಲೇಖನಗಳನ್ನು ಬರೆದಿದ್ದರು.

ಅನಿಲ ಬೆಳಗಾಗುವಷ್ಟರಲ್ಲಿ ಚದುರಿಹೋಗಿತ್ತು. ಉಳಿದುದು ಅದರ ಪರಿಣಾಮ. ರಘು ರಾಯ್ ಮತ್ತು ಪಾಬ್ಲೊ ಬಾರ್ಥೊಲೊಮ್ಯೂ ತೆಗೆದ, ಮಣ್ಣಿನಲ್ಲಿ ಹುದುಗುತ್ತಿರುವ ಮಗುವಿನ ಮುಖದ ಛಾಯಾಚಿತ್ರಗಳು ಲೋಕಪ್ರಸಿದ್ಧವಾದವು. ಛಾಯಾಚಿತ್ರದ ಶಕ್ತಿಯೂ ಮಿತಿಯೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಅದು ದುರಂತವನ್ನು ಒಂದು ರಾತ್ರಿಗೆ, ಒಂದು ಮುಖಕ್ಕೆ ಕಟ್ಟಿಹಾಕುತ್ತದೆ. ಆ ರಾತ್ರಿಗೆ ಮುಂಚೆ ಯಾವ ನಿರ್ಲಕ್ಷ್ಯವಿತ್ತು, ಆ ಬಳಿಕ ಬದುಕುಳಿದವರ ಪಾಡೇನಾಯಿತು ಎಂಬುದನ್ನು ಹೇಳಲು ಕಾಲದಲ್ಲಿ ಹರಿಯುವ ಮಾಧ್ಯಮವೇ ಬೇಕು. ಸುಹಾಸಿನಿ ಮುಳೆ, ತಪನ್ ಬೋಸ್ ಮತ್ತು ಸಲೀಂ ಶೇಖ್ ಸೇರಿ ನಿರ್ಮಿಸಿದ 'ಭೋಪಾಲ್: ಬಿಯಾಂಡ್ ಜೆನೊಸೈಡ್' ಈ ಕಾರ್ಯವನ್ನು ಕೈಗೊಂಡಿತು. ಭಾಗಲ್ಪುರದಲ್ಲಿ ಕೈದಿಗಳನ್ನು ಕುರುಡರನ್ನಾಗಿಸಿದ ಘಟನೆಯನ್ನು ಕುರಿತ 'ಆ್ಯನ್ ಇಂಡಿಯನ್ ಸ್ಟೋರಿ' (1981) ಎಂಬ ಚಿತ್ರದಿಂದ ಬೋಸ್ ಆಗಲೇ ಪರಿಚಿತರಾಗಿದ್ದರು. ಸಂತ್ರಸ್ತರ ಹೇಳಿಕೆಗಳನ್ನು ದಾಖಲಿಸಿದ ಭೋಪಾಲದ ಚಿತ್ರವು ಕಂಪನಿಯ ನಡವಳಿಕೆಯನ್ನೂ ಸರ್ಕಾರದ ನಡವಳಿಕೆಯನ್ನೂ ವಿಮರ್ಶಿಸಿತು. ಸೆನ್ಸಾರ್ ಮಂಡಳಿ ಅದಕ್ಕೆ 'ಯು' ಪ್ರಮಾಣಪತ್ರ ನೀಡಿತು. ಅತ್ಯುತ್ತಮ ಕಥೇತರ ಚಿತ್ರವೆಂದು ಅದಕ್ಕೆ ಸ್ವರ್ಣಕಮಲವೂ ದೊರೆಯಿತು.

ಪ್ರಶಸ್ತಿ ವಿಜೇತ ಕಿರುಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸಲಾಗುವುದೆಂದು ಅಂದಿನ ಸಚಿವರು ಘೋಷಿಸಿದ್ದರು. ಅದನ್ನು ನಂಬಿ ನಿರ್ಮಾಪಕ ಸಂಸ್ಥೆ ಸಿನೆಮಾರ್ಟ್ ಫೌಂಡೇಷನ್ ಚಿತ್ರವನ್ನು ಸಲ್ಲಿಸಿದಾಗ ದೂರದರ್ಶನ ನಿರಾಕರಿಸಿತು. ಅದು ಮುಂದೊಡ್ಡಿದ ಕಾರಣಗಳನ್ನು ಒಟ್ಟಾಗಿ ಓದುವುದು ಉಚಿತ. ಚಿತ್ರ ಹಳತಾಗಿದೆ, ಪ್ರಸ್ತುತತೆ ಕಳೆದುಕೊಂಡಿದೆ. ಅದರಲ್ಲಿ ಸಂಯಮವಿಲ್ಲ, ಸಮತೋಲನವಿಲ್ಲ. ರಾಜಕೀಯ ಪಕ್ಷಗಳು ಈ ವಿಷಯವನ್ನು ಎತ್ತಿಕೊಂಡಿವೆ. ಪರಿಹಾರದ ದಾವೆ ನ್ಯಾಯಾಲಯದಲ್ಲಿದೆ. ಮೊದಲೇ ಉದ್ವಿಗ್ನವಾದ ವಾತಾವರಣದಲ್ಲಿ ಪ್ರಸಾರದಿಂದ ಗೊಂದಲವುಂಟಾದೀತು. ಪ್ರಸ್ತುತತೆಯನ್ನು ಕಳೆದುಕೊಂಡ ಚಿತ್ರದಿಂದ ಜನ ಉದ್ವಿಗ್ನರಾಗುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಈ ಕಾರಣಗಳು ಒಂದನ್ನೊಂದು ಅಲ್ಲಗಳೆಯುತ್ತವೆ. ಆದರೆ ಅವುಗಳೆಲ್ಲದರ ಹಿಂದೆ ಒಂದೇ ಒಂದು ಗ್ರಹಿಕೆಯಿದೆ: ಮಾಲಿನ್ಯದ ಮಾತಾಡಬಹುದು, ಪ್ರತಿವಾದಿಯ ಹೆಸರೆತ್ತಬಾರದು.

ದೆಹಲಿ ಹೈಕೋರ್ಟ್ ನಿರ್ಮಾಪಕರ ಪರವಾಗಿ ಆದೇಶ ನೀಡಿತು. ಕೇಂದ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. ಜೀವ ವಿಮಾ ನಿಗಮದ ಪತ್ರಿಕೆಯೊಂದು ಗ್ರಾಹಕ ಹಿತರಕ್ಷಕ ಮನುಭಾಯಿ ಶಾ ಅವರ ಉತ್ತರವನ್ನು ಪ್ರಕಟಿಸದೆ ಹೋದ ಪ್ರಕರಣದೊಡನೆ ಇದನ್ನೂ ಸೇರಿಸಿ ವಿಚಾರಿಸಿದ ಸುಪ್ರೀಂ ಕೋರ್ಟ್ 1992ರ ಜುಲೈನಲ್ಲಿ ತೀರ್ಪಿತ್ತಿತು. ನ್ಯಾಯಮೂರ್ತಿ ಎ. ಎಂ. ಅಹ್ಮದಿ ಬರೆದ ಆ ತೀರ್ಪಿನ ಪ್ರಕಾರ, ಸರ್ಕಾರವನ್ನು ಟೀಕಿಸುತ್ತದೆ ಎಂಬುದೊಂದೇ ಚಿತ್ರವನ್ನು ನಿರಾಕರಿಸಲು ಕಾರಣವಾಗಲಾರದು. ಸಾರ್ವಜನಿಕರ ಹಣದಿಂದ ನಡೆಯುವ ಮಾಧ್ಯಮವು ಸಂವಿಧಾನದ 19(2)ನೆಯ ವಿಧಿಯಲ್ಲಿ ಹೇಳಿದ ನಿರ್ಬಂಧಗಳ ಹೊರತು ಬೇರೆ ನೆಪದಿಂದ ಅಭಿವ್ಯಕ್ತಿಯನ್ನು ತಡೆಯುವಂತಿಲ್ಲ. ಹೀಗೆ ದೂರದರ್ಶನದ ವಾದ ತಿರಸ್ಕೃತವಾಯಿತು. ಭಾರತೀಯ ಸಾಕ್ಷ್ಯಚಿತ್ರದ ಇತಿಹಾಸದಲ್ಲಿ ಇದೊಂದು ಮೈಲಿಗಲ್ಲು.

ಆದರೆ ಕಾಲಾನುಕ್ರಮವನ್ನು ಮರೆಯುವಂತಿಲ್ಲ. 1989ರ ಫೆಬ್ರುವರಿಯಲ್ಲಿಯೇ ಸರ್ಕಾರ ಮತ್ತು ಕಂಪನಿಯ ನಡುವೆ 47 ಕೋಟಿ ಡಾಲರುಗಳ ಒಪ್ಪಂದವಾಗಿತ್ತು. 1991ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಮೊತ್ತವನ್ನು ಎತ್ತಿಹಿಡಿದಿತ್ತು. ದೇಶದ ಮನೆಮನೆಗಳಿಗೆ ಒಂದೇ ದೂರದರ್ಶನವಿದ್ದ, ಸಾರ್ವಜನಿಕ ಅಭಿಪ್ರಾಯಕ್ಕೆ ಬೆಲೆಯಿದ್ದ ವರ್ಷಗಳಲ್ಲಿ ಸಾಕ್ಷಿಯನ್ನು ಹೊರಗೆ ನಿಲ್ಲಿಸಲಾಯಿತು. ಪರಿಹಾರದ ಲೆಕ್ಕ ಮುಗಿದ ಮೇಲೆ ಒಳಗೆ ಕರೆಯಲಾಯಿತು. ಮಿನಮಾಟಾದ ಚಿತ್ರವು ತೀರ್ಪಿಗೆ ಎರಡು ವರ್ಷ ಮೊದಲೇ ಜನರನ್ನು ತಲುಪಿತ್ತು ಎಂಬುದನ್ನು ನೆನೆದರೆ ಈ ವಿಳಂಬದ ಬೆಲೆ ಅರ್ಥವಾಗುತ್ತದೆ.

6

ಈ ಅವಲೋಕನದಿಂದ ಒಡಮೂಡುವ ವಿಚಾರಗಳು ಎರಡು. ಮೊದಲನೆಯದು ಪದಗಳಿಗೆ ಸಂಬಂಧಿಸಿದ್ದು. ಜಪಾನಿ ಭಾಷೆಯಲ್ಲಿ ಮಾಲಿನ್ಯಕ್ಕೆ ಬಳಕೆಯಾದ 'ಕೋಗಾಯ್' ಎಂಬ ಪದದ ಅರ್ಥ 'ಸಾರ್ವಜನಿಕ ಹಾನಿ'. ಹಾನಿಯೆಂದೊಡನೆ ಹಾನಿ ಮಾಡಿದವನು ಯಾರು, ಹಾನಿಗೊಳಗಾದವನು ಯಾರು ಎಂಬ ಪ್ರಶ್ನೆಗಳು ಅನಿವಾರ್ಯವಾಗುತ್ತವೆ. ನಮ್ಮ 'ಮಾಲಿನ್ಯ'ವಾದರೋ ಮಲ, ಮೈಲಿಗೆಗಳ ಬಳಗದ ಮಾತು. ಕೊಳೆಗೆ ಕರ್ತೃವಿಲ್ಲ; ಅದು ಎಲ್ಲರಿಗೂ ಸೇರಿದ್ದು, ಆದುದರಿಂದ ಯಾರಿಗೂ ಸೇರದ್ದು. ಕಸವನ್ನು ಬೀದಿಗೆಸೆಯಬೇಡಿ ಎಂದು ನಾಗರಿಕನಿಗೆ ಬೋಧಿಸುವ ಚಿತ್ರಗಳು ಈ ಪದದ ನೆರಳಿನಲ್ಲಿ ಸುಲಭವಾಗಿ ಬೆಳೆದವು. ಅಂತಹ ಚಿತ್ರಗಳು ನಿರರ್ಥಕವೆಂಬುದು ನಮ್ಮ ಅಭಿಪ್ರಾಯವಲ್ಲ. ಅವುಗಳಿಂದ ಬರುವ ಅರಿವು ಅರ್ಧದ ಅರಿವು ಎಂದಷ್ಟೇ ಹೇಳಬೇಕಾಗಿದೆ.

ಎರಡನೆಯದು ಸಾಕ್ಷ್ಯದ ಮಿತಿಗೆ ಸಂಬಂಧಿಸಿದ್ದು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಸಾಕ್ಷ್ಯಚಿತ್ರಕ್ಕೂ ಅನ್ವಯಿಸುತ್ತದೆ. ಕ್ಯಾಮರಾ ಎಲ್ಲಿ ನಿಂತಿತ್ತು, ಯಾರ ಅನುಮತಿ ಪಡೆದಿತ್ತು, ಯಾವುದನ್ನು ಕತ್ತರಿಸಿತು ಎಂದು ಕೇಳದೆ ಅದರ ಮಾತನ್ನು ಒಪ್ಪುವುದು ಸಂಶೋಧಕನಿಗೆ ತಕ್ಕುದಲ್ಲ. ಮಿನಮಾಟಾದ ತಾಯಿಯ ಖಂಡನೆ ಈ ಪ್ರಶ್ನೆಗಳ ಮೊದಲ ಪಾಠ. ಅಲ್ಲದೆ ಚಿತ್ರ ಸಾಕ್ಷ್ಯ ನುಡಿದ ಮಾತ್ರಕ್ಕೆ ನ್ಯಾಯ ದೊರಕುತ್ತದೆಂಬ ಭರವಸೆಯೂ ಇಲ್ಲ. ಭೋಪಾಲ ಪ್ರಕರಣದಲ್ಲಿ ಭಾರತೀಯ ಅಧಿಕಾರಿಗಳಿಗೆ ಶಿಕ್ಷೆಯಾದುದು 2010ರ ಜೂನ್‌ನಲ್ಲಿ. ಹೆಚ್ಚಿನ ಪರಿಹಾರ ಕೋರಿದ ಕೇಂದ್ರದ ಅರ್ಜಿ 2023ರ ಮಾರ್ಚ್‌ನಲ್ಲಿ ವಜಾ ಆಯಿತು. ಕಾರ್ಖಾನೆಯ ಆವರಣದಲ್ಲಿ ನಾಲ್ಕು ದಶಕ ಬಿದ್ದಿದ್ದ ಸುಮಾರು 337 ಟನ್ ವಿಷತ್ಯಾಜ್ಯವನ್ನು ಪೀತಂಪುರಕ್ಕೆ ಸಾಗಿಸಿದುದು 2025ರ ಜನವರಿಯಲ್ಲಿ, ಅಲ್ಲಿಯ ನಿವಾಸಿಗಳ ಪ್ರತಿಭಟನೆಯ ನಡುವೆ. ಚಿತ್ರ 'ಹಳತಾಗಿದೆ' ಎಂದ ವಾದಕ್ಕೆ ಇದಕ್ಕಿಂತ ಮಿಗಿಲಾದ ಉತ್ತರ ಬೇಕಿಲ್ಲ. ಜಪಾನಿನಲ್ಲಿಯೂ ಮಿನಮಾಟಾದ ಕಥೆ ಮುಗಿದಿಲ್ಲ. ಹಾರಾ ಕಜುವೊ ಅವರ ಆರು ಗಂಟೆಗೂ ಮಿಕ್ಕಿದ 'ಮಿನಮಾಟಾ ಮಂಡಲ' 2020ರಲ್ಲಿ ತೆರೆಕಂಡಿತು.

ಕಡೆಯದಾಗಿ ಹೊರನಾಡಿನ ಕನ್ನಡ ಸಂಶೋಧಕರ ಗಮನಕ್ಕೆ ಒಂದು ಮಾತು. ಫಿಲ್ಮ್ಸ್ ಡಿವಿಷನ್ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಗಿದೆ. ಅದರ ಚಿತ್ರಗಳ ಕನ್ನಡ ನಿರೂಪಣೆಗಳು ಕನ್ನಡ ಗದ್ಯದ ಅಧ್ಯಯನಕ್ಕೆ ಇನ್ನೂ ಸಾಕಷ್ಟು ಒಳಗಾಗದ ಆಕರ. ಕಾರ್ಖಾನೆಯ ಹೊಗೆಯನ್ನು ಆ ನಿರೂಪಣೆಗಳು ಯಾವ ವರ್ಷದವರೆಗೆ ಹೊಗಳಿದವು, ಯಾವ ವರ್ಷದಿಂದ ತೆಗಳಿದವು, ಅದಕ್ಕೆ ಯಾವ ಪದಗಳನ್ನು ಬಳಸಿದವು ಎಂಬುದನ್ನು ಕ್ರಮವಾಗಿ ಪರಿಶೀಲಿಸಿದರೆ ಕನ್ನಡದಲ್ಲಿ ಪರಿಸರಪ್ರಜ್ಞೆ ಬೆಳೆದು ಬಂದ ಬಗೆಯ ಮೇಲೆ ಹೊಸ ಬೆಳಕು ಬೀಳುವುದರಲ್ಲಿ ಸಂದೇಹವಿಲ್ಲ. ಮುಂಬಯಿ ಮತ್ತು ಪುಣೆಯಲ್ಲಿರುವ ಕನ್ನಡ ಅಭ್ಯಾಸಿಗಳು ದೇಶದ ಪ್ರಮುಖ ಚಿತ್ರಸಂಗ್ರಹಗಳಿಗೆ ಸಮೀಪದಲ್ಲಿಯೇ ಇದ್ದಾರೆ. 'ಸಾಕ್ಷ್ಯಚಿತ್ರ' ಎಂಬ ಅರ್ಥವತ್ತಾದ ಪದವನ್ನು ಬಳಸುವ ಭಾಷೆಯವರು ಆ ಸಾಕ್ಷ್ಯವನ್ನು ಓದುವ ಹೊಣೆಯನ್ನೂ ಹೊರಬೇಕಾಗಿದೆ.